ಓಗೊಡದ ಹಲಗೆ

ಮಲೆನಾಡಿನ ಮಳೆಗಾಲದಲ್ಲಿ ಕೆಡದೆ ಉಳಿಯುವ ವಸ್ತು ಯಾವುದು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಬಣಕಲ್ಲಿನ ಮೇಲೆ ಸುರಿಯತೊಡಗಿತೆಂದರೆ ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಪೆಟ್ಟಿಗೆಯ ತಳದಲ್ಲಿ ಜೋಪಾನ ಮಾಡಿಟ್ಟ ಮದುವೆಯ ಪಂಚೆಗೂ ಬೂಷ್ಟು. ಉಪ್ಪು ನೀರಾಗುತ್ತದೆ. ಬೆಂಕಿಕಡ್ಡಿ ಗೀರಿದರೆ ಮುನಿಸಿಕೊಳ್ಳುತ್ತದೆ. ಬಾಗಿಲು ಉಬ್ಬಿಕೊಂಡು ಮನೆಯ ಯಜಮಾನನನ್ನೇ ಹೊರಗೆ ನಿಲ್ಲಿಸುತ್ತದೆ. ಇವೆಲ್ಲಕ್ಕೂ ನಮ್ಮ ಹಿರಿಯರು ಒಂದು ಮದ್ದು ಕಂಡುಕೊಂಡಿದ್ದರು: ಒಲೆಯ ಮೇಲಿನ ಅಟ್ಟ. ಒಣಗಬೇಕಾದದ್ದೆಲ್ಲ ಅಲ್ಲಿಗೆ ಏರುತ್ತಿತ್ತು. ಆದರೆ ಲ್ಯಾಪ್‌ಟಾಪನ್ನು ಅಟ್ಟಕ್ಕೆ ಏರಿಸುವಂತಿಲ್ಲ. ಹಿರಿಯರ ಅನುಭವ ಕೈಕೊಡುವುದು ಇಂಥ ಕಡೆಯಲ್ಲಿಯೇ.

ಲ್ಯಾಪ್‌ಟಾಪಿನ ಕೀಲಿಮಣೆಯ ಕೆಳಗೆ ಅಂಗೈಯಗಲದ ಒಂದು ಹಲಗೆ ಇರುವುದನ್ನು ವಾಚಕರು ಬಲ್ಲರು. ಪಾರಿಭಾಷಿಕ ಪಂಡಿತರು ಅದಕ್ಕೆ ಸ್ಪರ್ಶಫಲಕ ಎಂದು ಹೆಸರಿಟ್ಟಿದ್ದಾರೆ. ಹೆಸರೇನೋ ಚೆನ್ನಾಗಿದೆ. ಆದರೆ ಕನ್ನಡವನ್ನೇ ಪಾಠ ಹೇಳಿ ಬದುಕುವ ನಾನೂ ಅದನ್ನು ಕರೆಯುವುದು ಟಚ್‌ಪ್ಯಾಡ್ ಎಂದೇ. ಅದರ ಮೈಯ ಕೆಳಗೆ ಕೂದಲಿನಷ್ಟು ಸಣ್ಣ ತಂತುಗಳ ಜಾಲವೊಂದು ಹರಡಿಕೊಂಡಿದೆ. ಜಾಲದ ಸುತ್ತ ಅತ್ಯಲ್ಪವಾದ ವಿದ್ಯುತ್ ಕ್ಷೇತ್ರ. ನಮ್ಮ ಬೆರಳು ವಿದ್ಯುದ್ವಾಹಕವಾದ್ದರಿಂದ ಅದು ಹತ್ತಿರ ಬಂದ ಕಡೆ ಆ ಕ್ಷೇತ್ರ ಸ್ವಲ್ಪ ಬದಲಾಗುತ್ತದೆ. ಬದಲಾದದ್ದು ಎಲ್ಲಿ, ಎಷ್ಟು ಎಂಬುದನ್ನು ಅಳೆದು ಯಂತ್ರ ಬೆರಳಿನ ಜಾಡು ಹಿಡಿಯುತ್ತದೆ. ಒಣಗಿದ ಕಡ್ಡಿಯಿಂದ ಎಷ್ಟು ತೀಡಿದರೂ ಅದು ಮಿಸುಕುವುದಿಲ್ಲ; ಅದಕ್ಕೆ ಜೀವವಿರುವ ಬೆರಳೇ ಬೇಕು. ಒದ್ದೆ ಬೆರಳಾದರೆ ಮಾತ್ರ ಗಲಿಬಿಲಿಗೊಳ್ಳುತ್ತದೆ, ಏಕೆಂದರೆ ನೀರಿನ ಹನಿಯೂ ಅದಕ್ಕೆ ಬೆರಳಿನಂತೆಯೇ ಕಾಣುತ್ತದೆ.

ಹೋದ ಮಳೆಗಾಲದ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೊಡೆ ಮಡಚಿಕೊಂಡು ನಮ್ಮ ಜಗಲಿಗೆ ಬಂದಳು. ಎದೆಗೆ ಅವಚಿಕೊಂಡಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಲ್ಯಾಪ್‌ಟಾಪು ಇತ್ತು. ತಾಯಿ ಕಾಫಿ ತೋಟದ ಕೆಲಸಕ್ಕೆ ಹೋಗುವಾಕೆ. ಎರಡು ಕೊಯ್ಲಿನ ಕೂಲಿಯಲ್ಲಿ ಉಳಿಸಿ ಕೊಡಿಸಿದ ಸೆಕೆಂಡ್ ಹ್ಯಾಂಡ್ ಯಂತ್ರ ಅದು. ಹುಡುಗಿ ಎಂ.ಎ. ಓದುತ್ತ, ಅಜ್ಜಿಯ ಬಾಯಿಂದ ಕೇಳಿದ ಮಾತುಗಳ ಮೇಲೆ ಒಂದು ಕಿರುಪ್ರಬಂಧ ಬರೆಯುತ್ತಿದ್ದಳು. ಗೊರಬು, ಉಂಬಳ, ಕೊಪ್ಪೆ ಮುಂತಾದ ಮಾತುಗಳು. ಆರಿದ್ರೆಯಿಂದ ಸ್ವಾತಿಯವರೆಗೆ ಮಳೆಮಳೆಗೂ ಅಜ್ಜಿ ಹೇಳುತ್ತಿದ್ದ ಗಾದೆಗಳು. ಎಲ್ಲವನ್ನೂ ಅಜ್ಜಿಯ ದನಿಯಲ್ಲೇ ಹಿಡಿದಿಟ್ಟಿದ್ದಳು. ಅಜ್ಜಿ ತೀರಿಕೊಂಡು ಎಂಟು ತಿಂಗಳಾಗಿತ್ತು.

“ಸಾರ್, ಇದರ ಟಚ್‌ಪ್ಯಾಡ್ ಸತ್ತುಹೋಗಿದೆ. ಅಂಗಡಿಯವರು ಬೋರ್ಡೇ ಹೋಗಿರಬಹುದು ಅಂದ್ರು. ಇಲ್ಲದಿದ್ರೆ ಈ ಲಿನಕ್ಸ್ ಎಲ್ಲ ಅಳಿಸಿ ಬೇರೆ ಹಾಕ್ಬೇಕಂತೆ. ಒಳಗಿರೋದು ಉಳಿಯುತ್ತೆ ಅನ್ನೋ ಖಾತ್ರಿ ಇಲ್ಲವಂತೆ.”

“ಅಜ್ಜಿಯ ದನಿ ಇದರಲ್ಲಿ ಮಾತ್ರ ಇದೆಯೇನಮ್ಮ?”

“ಹೌದು ಸಾರ್. ಫೋನಿನಲ್ಲಿದ್ದದ್ದು ಫೋನಿನ ಜೊತೇಲೇ ಹೋಯ್ತು.”

ಅವಳ ಯಂತ್ರದಲ್ಲಿ ಲಿನಕ್ಸ್ ಏಕಿತ್ತು ಎಂಬುದಕ್ಕೂ ಕಾರಣವಿದೆ. ಹಳೆಯ ಯಂತ್ರಗಳನೇಕಕ್ಕೆ ವಿಂಡೋಸ್ 11 ಒಗ್ಗುವುದಿಲ್ಲ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸದನ್ನು ಕೊಳ್ಳಲಾರದವರಿಗೆ ಲಿನಕ್ಸ್ ಒಂದು ದಾರಿ. ಲಿನುಸ್ ಟೊರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ 1991ರಲ್ಲಿ ಹವ್ಯಾಸಕ್ಕೆಂದು ಆರಂಭಿಸಿದ್ದು ಇಂದು ಲೋಕವನ್ನೆಲ್ಲ ವ್ಯಾಪಿಸಿದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಅದರ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು. ಕೆ.ಪಿ. ರಾಯರ ಕೀಲಿಮಣೆಯ ಜಾಡಿನಲ್ಲಿ ಬಂದ ಕಗಪ ವಿನ್ಯಾಸವೂ ಅದರಲ್ಲಿ ಸೇರಿಕೊಂಡಿದೆ. ನಾನು ಅದಕ್ಕೆ ಒಲಿದದ್ದು ಈ ಕಾರಣದಿಂದ. ಇಂಥ ಹುಚ್ಚು ನಮ್ಮ ಸೀಮೆಗೆ ಹೊಸದೇನೂ ಅಲ್ಲ. 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಇಲ್ಲೇ ಮೂಡಿಗೆರೆಯ ತೋಟದಲ್ಲಿ ಕುಳಿತು, ಕಂಪ್ಯೂಟರಿನಲ್ಲಿ ಕನ್ನಡ ನೆಲೆಯೂರದಿದ್ದರೆ ಭಾಷೆಗೆ ಭವಿಷ್ಯವಿಲ್ಲವೆಂದು ಚಿಂತಿಸಿದವರು.

ಇರಲಿ. ನಾವು ಮಾಡಿದ ಮೊದಲನೆಯ ಕೆಲಸ ರಿಪೇರಿಯಲ್ಲ. ನನ್ನ ಕಂಪ್ಯೂಟರಿನ ಇಲಿಯನ್ನು ಅದಕ್ಕೆ ಸಿಕ್ಕಿಸಿ, ಅಜ್ಜಿಯ ದನಿಯನ್ನು ಎರಡು ಪೆನ್‌ಡ್ರೈವುಗಳಿಗೆ ಇಳಿಸಿಕೊಂಡೆವು. ಒಂದು ನನ್ನ ಬೀರುವಿಗೆ, ಒಂದು ಅವಳ ಚೀಲಕ್ಕೆ. ಇಲಿ ಓಡಾಡಿತು, ತೆರೆಯ ಮೇಲಿನ ಬಾಣವೂ ಓಡಾಡಿತು. ಇಲಿಯೊಂದನ್ನು ಕೊಂಡುಕೊಂಡು ಸುಮ್ಮನಿರಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಆದರೆ ಹುಡುಗಿಯ ಭಯ ಬೇರೆ: ಇಂದು ಟಚ್‌ಪ್ಯಾಡ್ ಹೋದದ್ದು ಬೋರ್ಡು ಕೆಟ್ಟು ಹೋದದ್ದಾದರೆ, ನಾಳೆ ಪ್ರಬಂಧದ ನಡುವೆ ಇಡೀ ಯಂತ್ರವೇ ಕಣ್ಣು ಮುಚ್ಚೀತು. ಇನ್ನೊಂದು ಯಂತ್ರಕ್ಕೆ ಇನ್ನೆರಡು ಕೊಯ್ಲು ಕಾಯಬೇಕು.

ಮಂಗಳೂರಿನ ಬಸ್ಸು ಬಣಕಲ್ಲಿಗೆ ಬರಲಿಲ್ಲವೆಂದುಕೊಳ್ಳಿ. ಬಸ್ಸು ಕೆಟ್ಟಿರಬಹುದು, ಡ್ರೈವರ್ ಬಾರದೆ ಇರಬಹುದು, 2019ರ ಆಗಸ್ಟಿನಲ್ಲಿ ಆದಂತೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿಯೇ ಮುಚ್ಚಿರಬಹುದು. ಬಸ್‌ಸ್ಟ್ಯಾಂಡಿನಲ್ಲಿ ನಿಂತವನಿಗೆ ಮೂರೂ ಒಂದೇ ರೀತಿ ಕಾಣುತ್ತವೆ: ಬಸ್ಸು ಬರಲಿಲ್ಲ. ಟಚ್‌ಪ್ಯಾಡಿನ ಕಥೆಯೂ ಹೀಗೆಯೇ. ಹಲಗೆ ಕೆಟ್ಟಿರಬಹುದು, ಹಲಗೆಯ ಮಾತನ್ನು ಯಂತ್ರಕ್ಕೆ ತಿಳಿಸುವ ಮಧ್ಯವರ್ತಿ ತಂತ್ರಾಂಶ ಕೆಟ್ಟಿರಬಹುದು (ಅದಕ್ಕೂ ಹೆಸರು ಡ್ರೈವರ್ ಎಂದೇ!), ಅದರಿಂದಾಚೆಗೆ, ತೆರೆಯನ್ನು ಆಳುವ ವ್ಯವಸ್ಥೆ ಬಾಗಿಲು ಹಾಕಿಕೊಂಡಿರಬಹುದು. ಎಲ್ಲಿ ತಡೆಯಾಗಿದೆಯೆಂದು ನೋಡದೆ ಬಸ್ಸನ್ನೇ ಗುಜರಿಗೆ ಹಾಕೆನ್ನುವುದು ಯಾವ ನ್ಯಾಯ?

ಹೊರಗಿನಿಂದ ಒಳಕ್ಕೆ ಹೊರಟೆವು. ಹಲಗೆಯನ್ನು ಒಣಬಟ್ಟೆಯಿಂದ ಒರೆಸಿದ್ದಾಯಿತು. ಕೀಲಿಮಣೆಯ ಮೇಲ್ಸಾಲಿನಲ್ಲಿ ಟಚ್‌ಪ್ಯಾಡಿನ ಚಿತ್ರವಿರುವ ಒಂದು ಕೀಲಿ ಅನೇಕ ಯಂತ್ರಗಳಲ್ಲಿರುತ್ತದೆ. ಎಫ್‌ಎನ್ ಕೀಲಿಯ ಜೊತೆ ಅದನ್ನೊತ್ತಿದರೆ ಹಲಗೆ ಮಲಗುತ್ತದೆ, ಮತ್ತೊಮ್ಮೆ ಒತ್ತಿದರೆ ಏಳುತ್ತದೆ. ಒತ್ತಿ ನೋಡಿದೆವು, ಅದಲ್ಲ. ಸೆಟ್ಟಿಂಗ್ಸಿನಲ್ಲಿ ಟಚ್‌ಪ್ಯಾಡ್ ಚಾಲೂ ಎಂದೇ ಇತ್ತು. ಆಮೇಲೆ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ ಟರ್ಮಿನಲ್ ತೆರೆದೆವು. ಚಿತ್ರವಿಲ್ಲದ, ಬಣ್ಣವಿಲ್ಲದ, ಅಕ್ಷರ ಮಾತ್ರ ಬಲ್ಲ ಕರಿಯ ಕಿಟಕಿ ಅದು. ಭಾಷೆಯ ಮೇಷ್ಟರಿಗೆ ಅಲ್ಲಿ ಅಂಜಿಕೆಯೇನೂ ಇರಬೇಕಾಗಿಲ್ಲ. ನಾವು ಬದುಕುವುದೇ ಅಕ್ಷರದಿಂದ.

‘ಲಿಬ್‌ಇನ್‌ಪುಟ್ ಲಿಸ್ಟ್-ಡಿವೈಸಸ್’ ಎಂಬ ಆಜ್ಞೆ ಕೊಟ್ಟರೆ ಯಂತ್ರ ತನ್ನ ಇಂದ್ರಿಯಗಳ ಹಾಜರಿ ಕೂಗುತ್ತದೆ. ಕೀಲಿಮಣೆ, ಹಾಜರ್. ಇಲಿ, ಹಾಜರ್. ಟಚ್‌ಪ್ಯಾಡ್, ಅದೂ ಹಾಜರ್! ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಹಲಗೆಯನ್ನೋ ಅದರ ತಂತಿಯನ್ನೋ ಸಂಶಯಿಸಬೇಕಿತ್ತು. ‘ಲಿಬ್‌ಇನ್‌ಪುಟ್ ಡೀಬಗ್-ಇವೆಂಟ್ಸ್’ ಎಂದು ಕೇಳಿ ಬೆರಳಾಡಿಸಿದೆವು. ಇಲಿ ಅಲುಗಿದರೆ ಸಾಲುಸಾಲಾಗಿ ವರದಿ ಬರುತ್ತದೆ. ಟಚ್‌ಪ್ಯಾಡಿನ ಮೇಲೆ ಎಷ್ಟು ತೀಡಿದರೂ ಒಂದು ಸಾಲೂ ಇಲ್ಲ. ಎಂದರೆ ಆಸಾಮಿ ತರಗತಿಯಲ್ಲಿದ್ದಾನೆ, ಬಾಯಿ ಬಿಡುತ್ತಿಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗನಿಗೆ ದಡ್ಡನೆಂಬ ಪಟ್ಟ ಬಲು ಸುಲಭವಾಗಿ ಸಿಗುತ್ತದೆ. ಮನೆಯಲ್ಲಿ ತುಳುವನ್ನೋ ತಮಿಳನ್ನೋ ಆಡುವ ತೋಟದ ಮಕ್ಕಳನ್ನು ಇಪ್ಪತ್ತು ವರ್ಷ ಕಂಡ ನನಗೆ, ಹಾಜರಿದ್ದೂ ಓಗೊಡದವನೆಂದರೆ ದಡ್ಡನಲ್ಲ, ಪ್ರಶ್ನೆ ತಲುಪದವನು ಎಂದು ಗೊತ್ತು.

“ಇದು ಯಾವಾಗ ಸಾಯುತ್ತದಮ್ಮ?” ಎಂದು ಕೇಳಿದೆ.

“ಆರಿಸಿ ಹಾಕಿದ್ರೆ ಸ್ವಲ್ಪ ಹೊತ್ತು ಬರುತ್ತೆ ಸಾರ್. ಕರೆಂಟ್ ಹೋಯ್ತು ಅಂತ ಮುಚ್ಚಿಟ್ಟು ಆಮೇಲೆ ತೆರೆದ್ರೆ ಇರೋದಿಲ್ಲ.”

ಅರ್ಧ ಉತ್ತರ ಈ ಮಾತಿನಲ್ಲೇ ಇತ್ತು. ಅಂಗಡಿಯಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. ಮುಚ್ಚಿದಾಗ ಯಂತ್ರ ನಿದ್ರಿಸುತ್ತದೆ. ತೆರೆದಾಗ ಎಲ್ಲರೂ ಏಳಬೇಕು. ಒಬ್ಬ ಮಾತ್ರ ಏಳುತ್ತಿಲ್ಲ.

ಲಿನಕ್ಸಿನ ಒಡಲಿನಲ್ಲಿ ಕರ್ನೆಲ್ ಎಂಬುದೊಂದಿದೆ. ಕರ್ನೆಲ್ ಎಂದರೆ ತಿರುಳು. ಕನ್ನಡದ ತಿರುಳು ಯಾವ ಸೀಮೆಯದೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಗುರುತಿಸಿರುವಾಗ ನಮಗೆ ಈ ಮಾತು ಪರಕೀಯವಲ್ಲ. ಈ ತಿರುಳು ಕ್ಷಣಕ್ಷಣದ ದಿನಚರಿ ಬರೆದಿಡುತ್ತದೆ. ‘ಸುಡೊ ಡಿಮೆಸೆಜ್’ ಎಂದು ಕೇಳಿದರೆ ಓದಲು ಕೊಡುತ್ತದೆ. ಓದಿದೆವು. ಪ್ರತಿಸಲ ನಿದ್ರೆಯಿಂದ ಎದ್ದ ಮರುಗಳಿಗೆಯಲ್ಲೇ ಒಂದೇ ದೂರು: ಪಿಎಸ್‌ಮೌಸ್ ಎಂಬ ಡ್ರೈವರು, ಟಚ್‌ಪ್ಯಾಡಿನ ಮೊದಲನೆಯ ಬೈಟಿನಲ್ಲಿ ಸಿಂಕ್ ತಪ್ಪಿದೆ ಎಂದು ಗೋಗರೆದಿತ್ತು.

ಸಿಂಕ್ ತಪ್ಪುವುದೆಂದರೇನು? ಈ ಬಗೆಯ ಹಲಗೆ ತನ್ನ ಸುದ್ದಿಯನ್ನು ಮೂರೋ ಆರೋ ಬೈಟುಗಳ ಕಟ್ಟುಗಳಾಗಿ ಕಳಿಸುತ್ತದೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆಯದೊಂದು, ನಾಲ್ಕು ಮಾತ್ರೆಯದೊಂದು ಗಣ ಬರುವುದಿಲ್ಲವೆ, ಹಾಗೆ. ಮೊದಲಲ್ಲೇ ಒಂದು ಮಾತ್ರೆ ಕಳೆದುಹೋದರೆ ಮುಂದಿನ ಗಣಗಳೆಲ್ಲ ತಪ್ಪು ಜಾಗದಲ್ಲಿ ಒಡೆದು, ಸರಿಯಾದ ಪದ್ಯವೂ ಅರ್ಥವಿಲ್ಲದ ಗೊಂದಲವಾಗುತ್ತದೆ. ಕವಿಯದು ತಪ್ಪಿಲ್ಲ, ಪದ್ಯವೂ ಕೆಟ್ಟಿಲ್ಲ. ಪ್ರಸ್ತಾರ ಹಾಕುವವನು ಮೊದಲಿನಿಂದ ಪ್ರಾರಂಭಿಸಬೇಕು, ಅಷ್ಟೆ. ‘ಸುಡೊ ಮಾಡ್‌ಪ್ರೋಬ್ ಮೈನಸ್-ಆರ್ ಪಿಎಸ್‌ಮೌಸ್’ ಎಂದರೆ ಆ ಡ್ರೈವರನ್ನು ಇಳಿಸಿದಂತೆ. ಮೈನಸ್-ಆರ್ ಬಿಟ್ಟು ಅದನ್ನೇ ಇನ್ನೊಮ್ಮೆ ಹೇಳಿದರೆ ಮತ್ತೆ ಹತ್ತಿಸಿದಂತೆ. ಹುಡುಗಿ ತಾನೇ ಎರಡು ಸಾಲನ್ನೂ ಟೈಪು ಮಾಡಿದಳು. ಬೆರಳಿಟ್ಟಳು. ಬಾಣ ಸರ್ರನೆ ತೆರೆಯ ಅಂಚಿಗೆ ಓಡಿತು. ಅವಳು ನಗಲಿಲ್ಲ, “ಹಾಗಾದ್ರೆ ಬೋರ್ಡ್ ಹೋಗಿಲ್ಲ ಅಲ್ವಾ ಸಾರ್?” ಎಂದು ಮಾತ್ರ ಕೇಳಿದಳು.

ನಿದ್ರೆಯಿಂದ ಎದ್ದಾಗಲೆಲ್ಲ ಮಂತ್ರ ಹೇಳುತ್ತ ಕೂರುವುದು ಬೇಡವೆಂದು, ಸಿಸ್ಟಮ್‌ಡಿಯ ‘ಸಿಸ್ಟಮ್-ಸ್ಲೀಪ್’ ಎಂಬ ಕೋಶದಲ್ಲಿ ನಾಲ್ಕೈದು ಸಾಲಿನ ಒಂದು ಸ್ಕ್ರಿಪ್ಟನ್ನು ಇಟ್ಟೆವು. ಮಲಗುವ ಮುನ್ನ ‘ಪ್ರಿ’ ಎಂದೂ ಎದ್ದ ಮೇಲೆ ‘ಪೋಸ್ಟ್’ ಎಂದೂ ಯಂತ್ರ ಅದನ್ನು ಕರೆಯುತ್ತದೆ. ‘ಪೋಸ್ಟ್’ ಎಂದಾಗ ಪಿಎಸ್‌ಮೌಸನ್ನು ಇಳಿಸಿ ಹತ್ತಿಸು ಎಂಬುದೇ ಅದರ ಸಾರ. ಅದನ್ನು ನಡೆಸುವ ಅನುಮತಿಯನ್ನು ‘ಸಿಎಚ್‌ಮಾಡ್’ ಆಜ್ಞೆಯಿಂದ ಕೊಟ್ಟದ್ದಾಯಿತು. ಎಲ್ಲ ಯಂತ್ರಕ್ಕೂ ಈ ಮದ್ದು ಹಿಡಿಯುವುದಿಲ್ಲ. ಹೊಸ ಲ್ಯಾಪ್‌ಟಾಪುಗಳ ಹಲಗೆಗಳು ಹೆಚ್ಚಾಗಿ ಐ-ಟು-ಸಿ ಎಂಬ ಬೇರೆ ದಾರಿಯಿಂದ ಮಾತನಾಡುತ್ತವೆ. ಅವುಗಳ ಡ್ರೈವರಿನ ಹೆಸರೂ ಬೇರೆ. ರೋಗಿಯನ್ನು ನೋಡಿಯೇ ಔಷಧ.

ಪಿಎಸ್‌ಮೌಸ್ ಎಂಬ ಹೆಸರಿನಲ್ಲೊಂದು ಸ್ವಾರಸ್ಯವಿದೆ. ಪಿಎಸ್ ಎಂಬುದು 1987ರಲ್ಲಿ ಐಬಿಎಂ ಕಂಪನಿ ಹೊರತಂದ ಪಿಎಸ್/2 ಕಂಪ್ಯೂಟರಿನ ಗುರುತು. ಅದಕ್ಕೆ ಸಿಕ್ಕಿಸುತ್ತಿದ್ದ ಇಲಿಯ ಭಾಷೆಯನ್ನೇ, ಇಲಿಯಲ್ಲದ ಈ ಹಲಗೆ ಇಂದಿಗೂ ಆಡುತ್ತಿದೆ. ಇಲಿಯಾದರೂ ಡಗ್ಲಸ್ ಎಂಗೆಲ್‌ಬಾರ್ಟ್ 1960ರ ದಶಕದಲ್ಲಿ ಮರದ ಪೆಟ್ಟಿಗೆಯಿಂದ ಮಾಡಿಸಿದ್ದು. ವಸ್ತು ಹೋದರೂ ಮಾತು ಉಳಿಯುತ್ತದೆ. ಗೊರಬು ಹೊತ್ತು ನಾಟಿ ಮಾಡುವವರು ಇಂದು ಅಪರೂಪ. ಆ ಮಾತು ಒಬ್ಬ ಮುದುಕಿಯ ಬಾಯಲ್ಲಿತ್ತು, ಅವಳಿಂದ ಒಂದು ಹಳೆಯ ಲ್ಯಾಪ್‌ಟಾಪಿಗೆ ಬಂತು.

ಗ್ರಂಥಸಂಪಾದನೆ ಕಲಿಸುವಾಗ ನಾವು ಹೇಳುವ ಮೊದಲ ಪಾಠ ಇದು: ಪದ್ಯದ ಛಂದಸ್ಸು ಕೆಟ್ಟಿತೆಂದು ಓಲೆಯನ್ನು ಒಲೆಗೆ ಹಾಕಬಾರದು. ಲಿಪಿಕಾರ ಎಲ್ಲಿ ಎಡವಿದನೆಂದು ಹುಡುಕಬೇಕು. ಹುಡುಕಿದರೆ ಬಹಳ ಸಲ ಒಂದಕ್ಷರದ ಲೋಪ ಸಿಗುತ್ತದೆ. ಅಳಿಸಿಬಿಡಿ, ಹೊಸದು ತನ್ನಿ ಎನ್ನುವುದು ಈ ಕಾಲದ ಸುಲಭ ವೈದ್ಯ. ಬಡವರ ಪಾಲಿಗೆ ಅದು ವೈದ್ಯವಲ್ಲ, ತೀರ್ಪು. ಸತ್ತಿದೆಯೆಂದು ಘೋಷಿಸುವ ಮುನ್ನ, ಯಾವಾಗಿನಿಂದ ಮಾತು ಬಿಟ್ಟಿತು ಎಂದು ಒಂದು ಪ್ರಶ್ನೆ ಕೇಳುವ ವ್ಯವಧಾನ ಬೇಕು. ಅದಕ್ಕೆ ಹಣವೂ ಬೇಡ, ಎಂಜಿನಿಯರಿಂಗ್ ಪದವಿಯೂ ಬೇಡ.

ಹುಡುಗಿಯ ಪ್ರಬಂಧ ಮುಗಿದಿದೆ. ಅದರ ಅನುಬಂಧದಲ್ಲಿ ಮುನ್ನೂರಕ್ಕೂ ಹೆಚ್ಚು ಮಾತುಗಳಿವೆ, ಒಂದೊಂದರ ಮುಂದೆಯೂ ಅಜ್ಜಿ ಕೊಟ್ಟ ಅರ್ಥವಿದೆ.