ಬ್ಯಾಟರಿ ಇರುವುದು, ಇಲ್ಲದ್ದು

ಆಗಸ್ಟ್ 10, 2025, ಭಾನುವಾರ

ಗಣೇಶನ ಪ್ರೋಗ್ರಾಂಗಳು ಶುರುವಾಗುವ ಮೊದಲೇ ಯಾವ ಬೇಸ್ ಗಿಟಾರ್ ಒಯ್ಯುವುದೆಂದು ತೀರ್ಮಾನವಾಗಬೇಕು. ಕರಿಯದು ಜಾಝ್ ಬೇಸ್ ಮಾದರಿ: ಎರಡು ಸಿಂಗಲ್ ಕಾಯಿಲ್ ಪಿಕಪ್, ಬ್ಯಾಟರಿ ಇಲ್ಲ. ಕೆಂಪಿನದು 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಜಾಡಿನದು: ಒಂದೇ ದಪ್ಪ ಹಂಬಕರ್, ಹೊಟ್ಟೆಯೊಳಗೆ ಪ್ರಿಆಂಪ್, 9 ವೋಲ್ಟ್ ಬ್ಯಾಟರಿ.

ಎರಡಕ್ಕೂ ಒಂದೇ ಗೇಜಿನ ಹೊಸ ತಂತಿ ಹಾಕಿ, ಸದ್ದಿನ ಮಟ್ಟವನ್ನೂ ಸಮ ಮಾಡಿಕೊಂಡೆ. ಜೋರಾಗಿ ಕೇಳಿದ್ದನ್ನೇ ಕಿವಿ ಒಳ್ಳೆಯದೆಂದು ನಂಬಿಬಿಡುತ್ತದೆ. ಅಂಗಡಿಯಲ್ಲಿ ಬ್ಯಾಟರಿ ಇರುವ ಆಕ್ಟಿವ್ ಬೇಸ್‌ಗಳು ಗೆಲ್ಲುವುದು ಎಷ್ಟೋ ಸಲ ಹೀಗೆ. ಮಟ್ಟ ಸಮ ಆದಮೇಲೆ, ಕೆಂಪಿನದರ ನಾಬ್‌ಗಳನ್ನು ನಡುವಿನಲ್ಲಿ ನಿಲ್ಲಿಸಿದರೆ, ಪ್ರಿಆಂಪ್ ಎಂಬುದೊಂದು ಒಳಗಿದೆ ಎಂಬ ಸುಳಿವೇ ಇಲ್ಲ. ಉಳಿದದ್ದು ಪಿಕಪ್‌ಗಳ ಜಗಳ ಮಾತ್ರ.

ಆಗಸ್ಟ್ 13, ಬುಧವಾರ

ಪಿಕಪ್ ಬ್ರ್ಯಾಂಡ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಅದು ಎಲ್ಲಿ ಕೂತಿದೆ ಎಂದು ಕೇಳುವುದೇ ಇಲ್ಲ. ಪಿಕಪ್‌ಗೆ ಗೊತ್ತಾಗುವುದು ತನ್ನ ನೆತ್ತಿಯ ಮೇಲಿನ ತಂತಿಯ ಅಲುಗಾಟ ಅಷ್ಟೇ. ಯಾವ ಹಾರ್ಮೋನಿಕ್ ಆ ಜಾಗದಲ್ಲಿ ಅಲುಗದೆ ನಿಂತಿರುತ್ತದೋ ಅದು ಅದರ ಪಾಲಿಗೆ ಇಲ್ಲವೇ ಇಲ್ಲ. ಫೆಂಡರ್‌ನವರು 1960ರ ದಶಕದ ಜಾಝ್ ಬೇಸ್‌ನಲ್ಲಿ ಇದ್ದ ಬ್ರಿಡ್ಜ್ ಪಿಕಪ್ಪನ್ನು ಎಪ್ಪತ್ತರ ದಶಕದಲ್ಲಿ ಒಂದು ಸೆಂಟಿಮೀಟರಿನಷ್ಟು ಹಿಂದಕ್ಕೆ, ಬ್ರಿಡ್ಜ್ ಕಡೆಗೆ ಸರಿಸಿದರು. ಜಾಕೋ ಪಾಸ್ಟೋರಿಯಸ್‌ನ ಫ್ರೆಟ್ ಕಿತ್ತ 1962ರ ಬೇಸ್ ಹಾಡುವುದಕ್ಕೂ ಮಾರ್ಕಸ್ ಮಿಲ್ಲರ್‌ನ 1977ರ ಬೇಸ್ ಚಟೀರೆನ್ನುವುದಕ್ಕೂ ಇರುವ ಅಂತರದಲ್ಲಿ ಅವರವರ ಬೆರಳಿನ ಪಾಲು ದೊಡ್ಡದು, ನಿಜ. ಆದರೆ ಆ ಒಂದು ಸೆಂಟಿಮೀಟರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಿಲ್ಲರ್‌ನದಕ್ಕೆ ರೋಜರ್ ಸಡೌಸ್ಕಿ ಪ್ರಿಆಂಪ್ ಕೂರಿಸಿದರು. ಅಲ್ಲಿಂದ ಲೋಕವೆಲ್ಲ ಪ್ರಿಆಂಪ್ ಹಿಂದೆ ಬಿತ್ತು. ಹಾಲಿನಲ್ಲಿ ಇಲ್ಲದ ಕೆನೆ ಎಷ್ಟು ಕಡೆದರೆ ಬಂದೀತು? ಪಿಕಪ್ ಹಿಡಿಯದ್ದನ್ನು ಪ್ರಿಆಂಪ್ ಹಿಗ್ಗಿಸಲಾರದು. ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಬ್ಯಾಟರಿಯಿಲ್ಲದ ಪ್ರಿಸಿಶನ್ ಬೇಸ್, ಅದೂ ತಂತಿ ಬದಲಿಸುವ ಗೋಜಿಗೇ ಹೋಗದೆ.

ಆಗಸ್ಟ್ 19, ಮಂಗಳವಾರ

ಎಸ್.ಪಿ. ರೋಡಿಗೆ ಹೋಗಿದ್ದೆ. ಕರಿಯದರ ವಾಲ್ಯೂಮ್ ಕರಕರ ಎನ್ನುತ್ತಿತ್ತು. 250 ಕೆ ಪಾಟ್ ಕೇಳಿದರೆ 220 ಕೊಟ್ಟರು. ಕಿವಿಗೆ ಗೊತ್ತಾಗುವ ವ್ಯತ್ಯಾಸವಲ್ಲ.

ರಾತ್ರಿ ಕೇಬಲ್ ಬದಲಿಸಿ ಕೇಳಿದೆ. 10 ಅಡಿಯದರಲ್ಲಿ ಕರಿಯದು ಸ್ವಚ್ಛ. ಸ್ಟೇಜಿಗೆಂದು ಇಟ್ಟಿರುವ 30 ಅಡಿಯದು ಚುಚ್ಚಿದ ಕೂಡಲೇ ಮೇಲಿನ ಹೊಳಪು ಮಾಸಿತು. ಸಾವಿರಾರು ಸುತ್ತಿನ ಕಾಯಿಲ್‌ನಿಂದ ಬರುವ ಸಿಗ್ನಲ್ ಬಡಕಲು. ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್‌ನ ಕೆಪಾಸಿಟರ್ ಇದ್ದಂತೆ, ಉದ್ದವಾದಷ್ಟೂ ಟ್ರೆಬಲ್ ತಿನ್ನುತ್ತದೆ. ಕೆಂಪಿನದಕ್ಕೆ ಯಾವ ಕೇಬಲ್ ಆದರೂ ಒಂದೇ, ಪಿಕಪ್ಪಿಗೂ ಕೇಬಲ್ಲಿಗೂ ನಡುವೆ ಪ್ರಿಆಂಪ್ ನಿಂತಿದೆಯಲ್ಲ. ಬೇಸ್, ಟ್ರೆಬಲ್ ನಾಬ್‌ಗಳಿಗಿಂತ ಈ ಕಾವಲಿನ ಕೆಲಸವೇ ದೊಡ್ಡದೆಂದು ನನಗನಿಸುತ್ತದೆ. ಇದನ್ನು ಯಾರೂ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವುದಿಲ್ಲ.

ಆಗಸ್ಟ್ 24, ಭಾನುವಾರ

ಪ್ರಾಕ್ಟೀಸ್. ‘ಗೀತಾ’ (1981) ಸಿನಿಮಾದ ಹಾಡುಗಳು ಪಟ್ಟಿಯಲ್ಲಿವೆ. ಇಳಯರಾಜಾ ಹಾಡಿನಲ್ಲಿ ಬೇಸ್ ಎಂದರೆ ಬರೀ ತಳಪಾಯವಲ್ಲ, ಇನ್ನೊಂದು ರಾಗವೇ ಕೆಳಗೆ ಓಡುತ್ತಿರುತ್ತದೆ. ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು. ಕರಿಯದರ ಬ್ರಿಡ್ಜ್ ಪಿಕಪ್ ಮುಂದೆ ಮಾಡಿ ನುಡಿಸಿದೆ. “ಇದೇ ಇರ್ಲಿ ಗುರೂ, ಇವತ್ತು ಬೇಸ್ ಮಾತಾಡ್ತಿದೆ,” ಅಂದರು ಕೀಬೋರ್ಡಿನ ಮಾಸ್ಟರ್. ಕೆಂಪಿನದು ದಪ್ಪ, ಗಟ್ಟಿ, ಆದರೆ ಎಲ್ಲ ಹಾಡಿಗೂ ಒಂದೇ ಮುಖ.

ಆಗಸ್ಟ್ 29, ಶುಕ್ರವಾರ

ಮಾಸ್ಟರ್ ಮಾತಿಗೆ ಕರಿಯದನ್ನೇ ಮೊದಲು ಎತ್ತಿಕೊಂಡೆ. ಪೆಂಡಾಲಿನ ತುಂಬ ಸೀರಿಯಲ್ ಸೆಟ್, ಅರ್ತಿಂಗ್ ದೇವರೇ ಗತಿ. ಎರಡು ಪಿಕಪ್ಪೂ ಪೂರ್ತಿ ತೆರೆದಿದ್ದರೆ ಒಂದರ ಗುಂಯ್ ಇನ್ನೊಂದು ಹೊಡೆದುಹಾಕುತ್ತದೆ, ಅವುಗಳ ಸುತ್ತು ಹಿಂದುಮುಂದು ಇರುವುದರಿಂದ. ಬ್ರಿಡ್ಜ್ ಪಿಕಪ್ ಮುಂದೆ ಮಾಡಲು ಇನ್ನೊಂದನ್ನು ಇಳಿಸಿದ ಕ್ಷಣ ಆ ಒಪ್ಪಂದ ಮುರಿಯಿತು. ನಮ್ಮ ಕರೆಂಟು 50 ಹರ್ಟ್ಜ್; ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49. ಹಾಡು ಜಿ ಮೇಜರ್. ಉದ್ದ ಎಳೆದ ಪ್ರತಿ ಜಿ ಹಿಂದೆ ಸೆಕೆಂಡಿಗೊಮ್ಮೆ ಅಲೆ ಏಳುತ್ತಿತ್ತು, ಶ್ರುತಿಪೆಟ್ಟಿಗೆ ಕೆಟ್ಟಂತೆ.

ಮೂರನೇ ಹಾಡಿಗೆ ಕೆಂಪಿನದಕ್ಕೆ ಬದಲಾದೆ. ಗುಂಯ್ ಇಲ್ಲ. ಲೋ ಎಂಡ್ ಸ್ವಲ್ಪ ಏರಿಸೋಣವೆಂದು ನಾಬ್ ತಿರುಗಿಸಿದೆನೋ ಇಲ್ಲವೋ, ಸೌಂಡಿನ ಹುಡುಗ ಕೈಬೀಸಿದ: “ಅಣ್ಣಾ, ಬೇಸ್ ಕಮ್ಮಿ ಮಾಡ್ಕೊಳಿ, ಸಬ್ ಒದರ್ತಾ ಇದೆ!” ಮತ್ತೆ ನಾಬ್ ನಡುವಿಗೆ. ಅಂದರೆ ಪೆಂಡಾಲಿನಲ್ಲಿ ಮಾನ ಉಳಿಸಿದ್ದು ಈಕ್ಯೂ ಅಲ್ಲ, ಹಂಬಕರ್‌ನ ಜೋಡಿ ಕಾಯಿಲ್. ಪ್ರಿಆಂಪಿಗೆ ಸಲ್ಲುವ ಹೊಗಳಿಕೆಯಲ್ಲಿ ಅರ್ಧ ಅದಕ್ಕೇ ಸೇರಬೇಕು.

ಆಗಸ್ಟ್ 31, ಭಾನುವಾರ

ಉಳಿದ ಪೆಂಡಾಲ್‌ಗಳಿಗೆ ಕೆಂಪಿನದು. ಹಾಲ್ ಪ್ರೋಗ್ರಾಂ, ರೆಕಾರ್ಡಿಂಗಿಗೆ ಕರಿಯದು. ಜಾಝ್ ಬೇಸ್ ಅಳತೆಯಲ್ಲೇ, ಒಂದರ ಮೇಲೊಂದು ಕಾಯಿಲ್ ಇಟ್ಟು ಗುಂಯ್ ಅಡಗಿಸುವ ಪಿಕಪ್ಪೂ ಸಿಗುತ್ತದೆ. ಸ್ವಲ್ಪ ಮಿರುಗು ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ. ಹಾಕಿ ಕೇಳಿಯೇ ನೋಡಬೇಕು. ಬೆಲೆ ವಿಚಾರಿಸಿದೆ. ಗಣೇಶನ ದುಡ್ಡು ಮೊದಲು ಕೈಗೆ ಬರಲಿ.