ಗೆರೆಯಲ್ಲೊಂದು ಗುಡ್ಡ

ಅಮ್ಮ ಮಾಡುವ ಮೈಸೂರು ಪಾಕ್ ನಮ್ಮ ಬೀದಿಯಲ್ಲೆಲ್ಲ ಪ್ರಸಿದ್ಧ. ಎರಡು ವರ್ಷದ ಹಿಂದಿನ ದೀಪಾವಳಿಯಲ್ಲಿ ಅದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ್ದೆ. 11 ನಿಮಿಷದ ವಿಡಿಯೊ. ನೆಂಟರಿಷ್ಟರೆಲ್ಲ ಸೇರಿ ನೋಡಿದವರು ಇನ್ನೂರು ಚಿಲ್ಲರೆ ಜನ. ಆಮೇಲೆ ನಾನದನ್ನು ಮರೆತೇಬಿಟ್ಟೆ.

ಮೊನ್ನೆ ಪಿಯುಸಿ ಓದುವ ಮಗ, "ಅಮ್ಮ, ಅಜ್ಜಿ ವಿಡಿಯೊನ ಜನ ಎಲ್ಲೀತನಕ ನೋಡಿದ್ದಾರೆ ಗೊತ್ತಾ?" ಎನ್ನುತ್ತ ಯೂಟ್ಯೂಬ್ ಸ್ಟುಡಿಯೊ ತೆರೆದು ಒಂದು ಗೆರೆ ತೋರಿಸಿದ. ನೂರು ಜನ ನೋಡಲು ಶುರುಮಾಡಿದರೆ ಯಾವ ಕ್ಷಣದಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ಆ ಗೆರೆ ಹೇಳುತ್ತದೆ. ಜನ ದಾಟಿಸಿಕೊಂಡು ಹೋದ ಕಡೆ ಹಳ್ಳ, ಹಿಂದಕ್ಕೆಳೆದು ಮತ್ತೆ ನೋಡಿದ ಕಡೆ ಗುಡ್ಡ. ವಿಡಿಯೊವನ್ನು ಎಷ್ಟು ಸಲ ತೆರೆದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೇ 2012ರಿಂದ ಯೂಟ್ಯೂಬಿನಲ್ಲಿ ಹೆಚ್ಚು ಬೆಲೆಯಂತೆ.

ನಮ್ಮ ಗೆರೆ ಮೊದಲ ಅರ್ಧ ನಿಮಿಷದಲ್ಲೇ ಜಾರುಬಂಡೆಯ ಹಾಗೆ ಇಳಿದಿತ್ತು. ಕಡಲೆಹಿಟ್ಟು ಜರಡಿ ಹಿಡಿಯುತ್ತ ಅಮ್ಮ ತನ್ನ ತವರಿನ ಕಥೆ ಹೇಳುವ ಜಾಗ ಅದು. "ಇದನ್ನ ಕತ್ತರಿಸಿಬಿಡೋಣ" ಎಂದ ಮಗ. ನಾನೂ ಹೂಂ ಅಂದೆ. ನಾಲ್ಕನೇ ನಿಮಿಷದಲ್ಲಿ ಗೆರೆ ತಲೆಯೆತ್ತಿತ್ತು. ಅಮ್ಮ ಸಕ್ಕರೆ ಪಾಕವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಎಳೆ ತೋರಿಸುತ್ತಾಳೆ. ಒಂದೆಳೆ ಪಾಕದ ಹದ ತಪ್ಪಿದರೆ ಮೈಸೂರು ಪಾಕ್ ಹಲ್ವ ಆಗುತ್ತದೆ, ಇಲ್ಲವೇ ಕಲ್ಲಾಗುತ್ತದೆ. ಜನ ಮತ್ತೆ ಮತ್ತೆ ನೋಡಿದ್ದು ಸರಿಯೇ.

ಅರ್ಥವಾಗದ್ದು ಒಂಬತ್ತನೇ ನಿಮಿಷದ ಗುಡ್ಡ. ಅಲ್ಲಿ ಅಮ್ಮ ಬಿಸಿ ತುಪ್ಪ ಹಾಕುತ್ತ ಕೈಯಾಡಿಸುತ್ತಿದ್ದಾಳೆ, ಅಷ್ಟೆ. ಅದನ್ನೇ ಹಾಕಿ ನೋಡಿದೆವು. ಹಜಾರದಿಂದ ಒಂದು ದನಿ ಕೇಳಿಸಿತು:

"ಏನೇ, ಆಯ್ತಾ? ಘಮ ಇಲ್ಲೀವರೆಗೂ ಬಂತು."

"ತಡ್ಕೊಳ್ಳಿ, ನಾಲಿಗೆ ಸುಟ್ಕೋತೀರ!" ಅಮ್ಮ ತಿರುಗದೆಯೇ ನಗುತ್ತಾಳೆ.

ಅಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನೋಡೋರು ಕಡಿಮೆ ಇದ್ದಾಗ, ಒಬ್ಬರೇ ತುಂಬ ಸಲ ನೋಡಿದರೂ ಗೆರೆ ಏರತ್ತೆ ಅಮ್ಮ" ಎಂದ ಮಗ.

"ಯಾರು ಅಂತ ತೋರಿಸಲ್ವಾ?"

"ಇಲ್ಲ. ಲೆಕ್ಕ ಮಾತ್ರ."

ಪುಣೆಯಲ್ಲಿರುವ ತಮ್ಮ ಇರಬಹುದೆಂದು ಫೋನ್ ಮಾಡಿದೆ. "ನನಗೆ ಅದನ್ನ ತೆರೆಯೋ ಧೈರ್ಯವೇ ಇಲ್ಲ ಅಕ್ಕ" ಎಂದ.

ಮಾರನೆಯ ಮಧ್ಯಾಹ್ನ ಮಡಚಿದ ಬಟ್ಟೆ ಇಡಲು ಅಮ್ಮನ ಕೋಣೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಸಣ್ಣಗೆ ಅಪ್ಪನ ದನಿ: "ಏನೇ, ಆಯ್ತಾ?" ಮತ್ತೊಮ್ಮೆ, "ಏನೇ, ಆಯ್ತಾ?"

ಏಳು ತಿಂಗಳಲ್ಲಿ ಅಮ್ಮ ನಮ್ಮೆದುರು ಒಮ್ಮೆಯೂ ಅತ್ತಿರಲಿಲ್ಲ. ಗಟ್ಟಿಗಿತ್ತಿ, ಸುಧಾರಿಸಿಕೊಂಡಳು ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ನಾನು ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಬಟ್ಟೆ ಕೆಳಗಿಟ್ಟು ಹೋಗಿ ಪಕ್ಕದಲ್ಲಿ ಕೂತೆ. ಅಮ್ಮ ಮೊಬೈಲ್ ಮುಚ್ಚಿಡಲಿಲ್ಲ. ನನ್ನ ಕಡೆ ಸ್ವಲ್ಪ ವಾಲಿಸಿ, ಬೆರಳಿನಿಂದ ಮತ್ತೆ ಹಿಂದಕ್ಕೆಳೆದಳು. ಇಬ್ಬರೂ ನೋಡಿದೆವು.

ವಿಡಿಯೊ ಹಾಗೇ ಇದೆ. ತವರಿನ ಕಥೆಯನ್ನೂ ಕತ್ತರಿಸುವುದು ಬೇಡವೆಂದು ಮಗನಿಗೆ ಹೇಳಿದ್ದೇನೆ.