ಗಾಳಿ ನಿಂತ ಮೇಲಿನ ಹಾಜರಿ

ಏಳನೆಯ ಇಯತ್ತೆಯ ಭೂಗೋಳದ ತಾಸಿನಲ್ಲಿ ನಾವು ಒಮ್ಮೆ ಗಾಳಿಗಳ ಪಾಠವನ್ನು ಹೇಳುತ್ತಿದ್ದೆವು. ಬಿಸಿಯಾದ ತೇವದ ಗಾಳಿ ಮೇಲೇರುವುದು, ಮೇಲಿನ ಗಾಳಿ ಬೇರೊಂದು ದಿಕ್ಕಿನಿಂದ ಬೇರೊಂದು ವೇಗದಲ್ಲಿ ಬೀಸುವುದು, ಮೋಡವೇ ಬುಗುರಿಯಂತೆ ತಿರುಗತೊಡಗುವುದು, ಇವೆಲ್ಲವನ್ನೂ ಕರಿಹಲಗೆಯ ಮೇಲೆ ಬರೆದು ವಿವರಿಸಿದೆವು. ಆಗ ಕೊನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಗಾಳಿ ಹೋದ ಮೇಲೆ ಆ ಊರಿನ ಶಾಲೆ ಏನಾಗುತ್ತದೆ?" ಎಂದು ಕೇಳಿದಳು. ಗಾಳಿ ಹುಟ್ಟುವ ಬಗೆಯನ್ನು ನಾವು ಓದಿಕೊಂಡು ಹೋಗಿದ್ದೆವೇ ಹೊರತು, ಅದು ಹೋದ ಮೇಲಿನ ಕಥೆಯನ್ನಲ್ಲ. ನಾಳೆ ಹೇಳುವುದಾಗಿ ತಿಳಿಸಿ ಜಾರಿಕೊಂಡೆವು. ಆ ನಾಳೆಗಾಗಿ ಓದಿದ್ದು ನಮ್ಮನ್ನು ಬೇರೆಲ್ಲಿಗೋ ಕೊಂಡೊಯ್ದಿತು. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಅಮೆರಿಕದ ಮಿಸ್ಸೂರಿ ಪ್ರಾಂತದಲ್ಲಿ ಜಾಪ್ಲಿನ್ ಎಂಬ ಪಟ್ಟಣವಿದೆ. ಜನಸಂಖ್ಯೆ ಸುಮಾರು 50,000. ಮುಂಬಯಿಯ ನಮ್ಮ ಕಣ್ಣಿಗೆ ಒಂದು ಉಪನಗರದ ಮೂಲೆಯಷ್ಟು. 2011ನೆಯ ಇಸವಿಯ ಮೇ 22, ಭಾನುವಾರ. ಅಲ್ಲಿಯ ಹೈಸ್ಕೂಲಿನಿಂದ ತೇರ್ಗಡೆಯಾದವರ ಸಮಾರಂಭವು ಆಗತಾನೆ ಮುಗಿದಿತ್ತು. ನಿಲುವಂಗಿ ತೊಟ್ಟ ಮಕ್ಕಳು ತಂದೆತಾಯಿಯರೊಡನೆ ಮನೆಯ ದಾರಿ ಹಿಡಿದಿದ್ದರು. ಸಂಜೆ 5 ಗಂಟೆ 41 ನಿಮಿಷದ ಸುಮಾರಿಗೆ ಸುಂಟರಗಾಳಿಯು ಊರನ್ನು ಹೊಕ್ಕಿತು. ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕಿದ ವೇಗ; ಕೆಲವೆಡೆ ಒಂದು ಮೈಲಿಯಷ್ಟು ಅಗಲ. 161 ಜನ ಪ್ರಾಣ ಕಳೆದುಕೊಂಡರು. ಸಾವಿರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸುಮಾರು 7,500 ವಾಸದ ಮನೆಗಳು ಹಾನಿಗೊಳಗಾದವು. ಗಾಯಾಳುಗಳನ್ನು ಸಲಹಬೇಕಾಗಿದ್ದ ದೊಡ್ಡ ಆಸ್ಪತ್ರೆಯೇ ಗಾಳಿಯ ಹೊಡೆತಕ್ಕೆ ಸಿಕ್ಕಿತು. ಮುಂದೆ ಅದನ್ನು ಕೆಡವಬೇಕಾಯಿತು. ಸಮಾರಂಭದಿಂದ ಹೊರಟವರೆಲ್ಲರೂ ಮನೆ ಸೇರಲಿಲ್ಲ.

ಎಚ್ಚರಿಕೆಯೇ ಇರಲಿಲ್ಲವೇ ಎಂದರೆ, ಇತ್ತು. ಮೊದಲ ಸೈರನ್ನು ಅರ್ಧ ತಾಸಿಗೆ ಮುನ್ನವೇ ಕೂಗಿತ್ತು. ಆದರೆ ಅನೇಕರು ಆ ಕೂಗನ್ನು ಹಿಂದೆಯೂ ಹಲವು ಸಲ ಕೇಳಿದವರು. ಬಾಗಿಲಿಗೆ ಬಂದು ಆಕಾಶ ನೋಡಿದರು, ಟೆಲಿವಿಷನ್ ಹಚ್ಚಿದರು, ಇನ್ನೊಂದು ಮಾತಿಗಾಗಿ ಕಾದರು. ತರುವಾಯ ವಿಚಾರಣೆ ನಡೆಸಿದ ಹವಾಮಾನ ಇಲಾಖೆಯು ಇದನ್ನು ಮುಚ್ಚಿಡದೆ ಬರೆದಿದೆ. ಇದನ್ನೋದಿ ನಗಲು ನಮಗೆ ಅಧಿಕಾರವಿಲ್ಲ. ಮಳೆಗಾಲದ ಎಚ್ಚರಿಕೆಗಳನ್ನು ಕೇಳಿಯೂ ಲೋಕಲ್ ಗಾಡಿ ಹತ್ತುವ ಜನ ನಾವು.

ಸುಂಟರಗಾಳಿಯ ಬಲವನ್ನು ಅಳೆಯುವ ಕ್ರಮವೊಂದನ್ನು ಫುಜಿತಾ ಎಂಬ ವಿಜ್ಞಾನಿ 1971ರಲ್ಲಿ ರೂಪಿಸಿದರು. ಅದರ ನಡುವೆ ನಿಂತು ಅಳೆಯಬಲ್ಲ ಯಂತ್ರ ವಿರಳ. ಆದುದರಿಂದ ಗಾಳಿ ಹೋದ ಮೇಲೆ ಅದು ಏನನ್ನು ಕೆಡವಿದೆ, ಎಷ್ಟು ಗಟ್ಟಿಯಾದುದನ್ನು ಕೆಡವಿದೆ ಎಂದು ನೋಡಿ ಬಲವನ್ನು ನಿಶ್ಚಯಿಸುವುದು. 2007ರಲ್ಲಿ ಈ ಕ್ರಮವನ್ನು ತಿದ್ದಿ ಬಳಕೆಗೆ ತಂದರು. 0ಯಿಂದ 5ರವರೆಗಿನ ಆ ಅಳತೆಯಲ್ಲಿ ಜಾಪ್ಲಿನ್ನಿನ ಗಾಳಿಗೆ 5 ಸಿಕ್ಕಿತು. ಊರಿನ ಬಲವನ್ನು ತಿಳಿಯುವ ಬಗೆಯೂ ಇದೇ ಇರಬಹುದು; ಅದೂ ಗಾಳಿ ಹೋದ ಮೇಲೆಯೇ ಕಾಣುವಂಥದು.

ಹೈಸ್ಕೂಲಿನ ಕಟ್ಟಡವು ಉಪಯೋಗಕ್ಕೆ ಬಾರದಂತೆ ಹಾಳಾಯಿತು. ಬೇರೆ ಕೆಲವು ಶಾಲೆಗಳಿಗೂ ಅದೇ ಗತಿ. ಆದರೆ ಆ ಊರಿನ ಉಪಾಧ್ಯಾಯರು ಮೊದಲು ಹೋದದ್ದು ಕಟ್ಟಡದ ಬಳಿಗಲ್ಲ. ಒಬ್ಬೊಬ್ಬ ವಿದ್ಯಾರ್ಥಿಯೂ ಎಲ್ಲಿದ್ದಾನೆ, ಬದುಕಿದ್ದಾನೆಯೇ ಎಂದು ಹುಡುಕಲು ಹೊರಟರು. ಮನೆಗಳು ಇರಲಿಲ್ಲ, ಬೀದಿಯ ಹೆಸರಿನ ಫಲಕಗಳೂ ಇರಲಿಲ್ಲ. ಆದರೂ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ವಿಚಾರಿಸಿದರು. ಶಾಲಾಧಿಕಾರಿಯಾಗಿದ್ದ ಸಿ. ಜೆ. ಹಫ್ ಅವರು, ಶಾಲೆಗಳು ಎಂದಿನಂತೆ ಆಗಸ್ಟ್ 17ರಂದೇ ತೆರೆಯುವುವೆಂದು ಸಾರಿದರು. ನಡುವೆ ಇದ್ದದ್ದು 87 ದಿನ. ತೆರೆದವು. ಹೈಸ್ಕೂಲಿನ ಮೇಲಿನ ಎರಡು ತರಗತಿಗಳು ಪೇಟೆಯ ಸಂಕೀರ್ಣದಲ್ಲಿ ಖಾಲಿ ಬಿದ್ದಿದ್ದ ಒಂದು ದೊಡ್ಡ ಅಂಗಡಿಯೊಳಗೆ ನಡೆದವು. ಪುಸ್ತಕಗಳಿಗೆ ಬದಲಾಗಿ ಮಕ್ಕಳಿಗೆ ಲ್ಯಾಪ್‌ಟಾಪ್ ಒದಗಿಸಲು ಸಂಯುಕ್ತ ಅರಬ್ ಎಮಿರೇಟ್ಸ್ ನೆರವು ನೀಡಿತು. ಕಷ್ಟ ಬಂದಾಗ ನೆಂಟರು ಯಾವ ದಿಕ್ಕಿನಿಂದ ಬರುವರೆಂದು ಹೇಳಲಾಗದು.

ಇನ್ನೆರಡು ಸಂಗತಿಗಳನ್ನು ಮಕ್ಕಳು ಬಹಳ ಮೆಚ್ಚಿ ಕೇಳಿದರು. ಹೈಸ್ಕೂಲಿನ ಮುಂದಿನ ಫಲಕದಲ್ಲಿ 'ಜಾಪ್ಲಿನ್' ಎಂಬುದರ ಇಂಗ್ಲಿಷ್ ಅಕ್ಷರಗಳಲ್ಲಿ 'ಓ', 'ಪಿ' ಎಂಬ ಎರಡು ಮಾತ್ರ ಉಳಿದಿದ್ದವು. ಯಾರೋ ಅದರ ಹಿಂದೊಂದು ಮುಂದೊಂದು ಅಕ್ಷರವನ್ನು ಅಂಟುಪಟ್ಟಿಯಿಂದ ಸೇರಿಸಿ 'ಹೋಪ್', ಎಂದರೆ ಭರವಸೆ, ಎಂದು ಓದುವಂತೆ ಮಾಡಿದರು. ಇನ್ನೊಂದು, ಗಾಳಿಗೆ ಹಾರಿ ದೂರದೂರ ಬಿದ್ದ ಭಾವಚಿತ್ರಗಳ ಸಂಗತಿ. ಮದುವೆ, ಮಗು, ತೀರಿಹೋದ ಅಜ್ಜಿ, ಹೀಗೆ ಸಾವಿರಾರು ಚಿತ್ರಗಳನ್ನು ಜನ ಹೆಕ್ಕಿ ತಂದರು. ನೆರೆಯ ಕಾರ್ತೇಜ್ ಊರಿನಲ್ಲಿ ಅವನ್ನು ತೊಳೆದು ಒಣಗಿಸಿ, ವಾರಸುದಾರರಿಗೆ ಮುಟ್ಟಿಸುವ ಕೆಲಸ ನಡೆಯಿತು.

ಹೊಸ ಹೈಸ್ಕೂಲು 2014ರಲ್ಲಿಯೂ ಹೊಸ ಆಸ್ಪತ್ರೆ 2015ರಲ್ಲಿಯೂ ತೆರೆದವು. ಉದ್ಯಾನವೊಂದರಲ್ಲಿ ಸತ್ತವರ ನೆನಪಿಗಾಗಿ 161 ಗಿಡಗಳನ್ನು ನೆಟ್ಟರು. ಹಾಗೆಂದು ಎಲ್ಲವೂ ಮೊದಲಿನಂತಾಯಿತೆಂದು ಹೇಳಿದರೆ ಅದು ಸುಳ್ಳು. ಗಿಡವು ಮನುಷ್ಯನಿಗೆ ಬದಲಿಯಲ್ಲ. ಇಂಥ ವಿಪತ್ತು ಸಿರಿವಂತ ದೇಶಗಳಿಗೆ ಮಾತ್ರ ಬರುವುದೂ ಅಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ ಮತ್ತು ಸಾಟುರಿಯಾ ಪ್ರದೇಶಗಳ ಮೇಲೆ ಬಂದ ಸುಂಟರಗಾಳಿಯಲ್ಲಿ ಸುಮಾರು 1,300 ಜನ ಸತ್ತರೆಂದು ಲೆಕ್ಕ. ಜಗತ್ತಿನಲ್ಲಿ ಇದಕ್ಕಿಂತ ಹೆಚ್ಚು ಜೀವ ತೆಗೆದ ಸುಂಟರಗಾಳಿ ಬೇರೆ ದಾಖಲಾಗಿಲ್ಲ. ನಮ್ಮ ನೆರೆಯಲ್ಲೇ ನಡೆದ ಆ ದುರಂತದ ಹೆಸರನ್ನು ನಮ್ಮ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಹೇಳುವವರಾದ ನಾವೂ ಆ ರಾತ್ರಿಯೇ ಮೊದಲು ಓದಿದ್ದು.

ಪಾಠ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಟ್ಟಿ ಹಿಡಿದು ಮಕ್ಕಳನ್ನು ಹುಡುಕಿದ ಆ ಉಪಾಧ್ಯಾಯರ ಸಂಗತಿಯು ನಮ್ಮನ್ನು ಬಿಡಲಿಲ್ಲ. ಅದಕ್ಕೆ ಕಾರಣವಿದೆ.

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಆ ರಾತ್ರಿ ಮನೆಗೆ ಹೋಗಲಾರದ ಮಕ್ಕಳನ್ನು ನಾವು ಶಾಲೆಯ ಮಾಳಿಗೆಯಲ್ಲಿ ಬೆಂಚುಗಳನ್ನು ಜೋಡಿಸಿ ಮಲಗಿಸಿದೆವು. ಸಿಪಾಯಿಯು ಎಲ್ಲಿಂದಲೋ ಅವಲಕ್ಕಿ ತಂದು ಎಲ್ಲರಿಗೂ ಹಿಡಿ ಹಿಡಿಯಾಗಿ ಹಂಚಿದನು. ಅದನ್ನು ನಾವು ಅನೇಕ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿದ್ದೇವೆ. ಹೇಳದೆ ಉಳಿದದ್ದು ಬೇರೆ ಇದೆ. ನೀರಿಳಿದು ಶಾಲೆ ತೆರೆದ ದಿನ, ತೊಯ್ದ ಹಾಜರಿ ಪುಸ್ತಕವನ್ನು ಹಾಳೆ ಹಾಳೆಯಾಗಿ ಬಿಡಿಸಿ ಹೆಸರು ಕೂಗಿದೆವು. ಆರನೆಯ ಇಯತ್ತೆಯ ಒಬ್ಬ ಹುಡುಗ 'ಹಾಜರ್' ಎನ್ನಲಿಲ್ಲ. ನಾಲೆಯ ದಂಡೆಯ ಮೇಲೆ ಅವರ ಮನೆ; ತಂದೆ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು. "ಮನೆ ಹೋಯಿತಂತೆ ಸರ್. ಊರಿಗೆ ಹೋದರಂತೆ" ಎಂದು ಪಕ್ಕದ ಹುಡುಗ ಹೇಳಿದನು. ಯಾವ ಊರು ಎಂದು ನಾವು ಕೇಳಲಿಲ್ಲ. ಕೆಲವು ವಾರ ಗೈರುಹಾಜರಿ ಹಾಕಿ, ಆಮೇಲೆ ಕೆಂಪು ಶಾಯಿಯಿಂದ ಆ ಹೆಸರಿನ ಮೇಲೊಂದು ಗೆರೆ ಎಳೆದೆವು. ಕ್ಯಾಂಟೀನು ಶಾಲೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿಗೆ ಹೋಗಿ ಒಂದು ಮಾತು ವಿಚಾರಿಸಲು ನಮಗೆ ಬಿಡುವಾಗಲಿಲ್ಲ.

ನಮ್ಮ ಶಾಲೆಯ ಗೋಡೆಗಳಿಗೆ ಅಂದು ಏನೂ ಆಗಲಿಲ್ಲ. ಆ ಹುಡುಗನ ಪಾಲಿಗೆ ಮಾತ್ರ ಶಾಲೆ ಕೊಚ್ಚಿಹೋಗಿತ್ತು. ಜಾಪ್ಲಿನ್ನಿನಲ್ಲಿ ಗೋಡೆಗಳು ಹೋದವು. ಆದರೆ ಹೆಸರಿನ ಪಟ್ಟಿಯನ್ನು ಅವರು ಕೈಬಿಡಲಿಲ್ಲ. ಎರಡನ್ನೂ ಎದುರಿಗಿಟ್ಟುಕೊಂಡು ಆ ರಾತ್ರಿ ನಾವು ಬಹಳ ಹೊತ್ತು ಕುಳಿತಿದ್ದೆವು.

ಮರುದಿನ ಆ ಹುಡುಗಿಗೆ ಜಾಪ್ಲಿನ್ನಿನ ಕಥೆಯನ್ನು ಹೇಳಿದೆವು. ನಮ್ಮ ಕಥೆಯನ್ನೂ ಮುಚ್ಚಿಡಲಿಲ್ಲ. ತರಗತಿ ಸದ್ದಿಲ್ಲದೆ ಕೇಳಿತು. ಕೊನೆಗೆ ಅವಳೇ, "ಈಗ ಹುಡುಕಬಹುದಲ್ಲ, ಸರ್?" ಎಂದಳು. ಅದೇ ಸಂಜೆ ಆ ಕ್ಯಾಂಟೀನಿಗೆ ಹೋದೆವು. ಮಾಲೀಕರು ಬದಲಾಗಿದ್ದರು, ಹಳೆಯ ಕೆಲಸಗಾರರು ಯಾರೂ ಇರಲಿಲ್ಲ. ತಡವಾಗಿ ಹೋದವರಿಗೆ ಸಿಗುವ ಉತ್ತರವೇ ನಮಗೂ ಸಿಕ್ಕಿತು.

ಅಂದಿನಿಂದ ನಮ್ಮ ಉಪಾಧ್ಯಾಯರ ಕೋಣೆಯಲ್ಲಿ ಒಂದು ನಿಯಮ ನಡೆದುಬಂದಿದೆ. ಯಾವ ಮಗುವಿನ ಹೆಸರಿನ ಮೇಲೆಯೂ ಗೆರೆ ಎಳೆಯುವ ಮುನ್ನ ಒಬ್ಬರಾದರೂ ಆ ಮನೆಯ ಬಾಗಿಲಿಗೆ ಹೋಗಿ ಬರಬೇಕು. ಮನೆ ಇರದಿದ್ದರೆ ನೆರೆಯವರನ್ನು ಕೇಳಬೇಕು. ಊರಿಗೆ ಹೋದರೆಂದರೆ, ಯಾವ ಊರು ಎಂದು ಬರೆದಿಡಬೇಕು. ವರ್ಷದಿಂದ ವರ್ಷಕ್ಕೆ ಮಕ್ಕಳ ಸಂಖ್ಯೆ ಇಳಿಯುತ್ತಿರುವ ನಮ್ಮಂಥ ಶಾಲೆಗೆ ಇದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕೆಂಪು ಶಾಯಿಯ ದೌತಿಯನ್ನು ಕಪಾಟಿನ ಮೇಲಿನ ಅಂತಸ್ತಿನಲ್ಲಿ ಇಟ್ಟಿದ್ದೇವೆ. ತೆಗೆಯಬೇಕಾದರೆ ಎದ್ದು ಕೈ ಚಾಚಬೇಕು.